ನಿಡೋಣಿಯ ಮೋಟರಿಗೆ ಬಂದ ಫೋನುಗಳು

ಮೋಟರಿಗೆ ಫೋನ್ ಮಾಡುವ ಡಬ್ಬಿ ಮಾರುತ್ತೇನೆ ಎಂದರೆ ಹೊರಗಿನಿಂದ ಬಂದವರು ಮೊದಲು ನಗುತ್ತಾರೆ. ನಗಲಿ, ನನಗೇನೂ ಬೇಜಾರಿಲ್ಲ. ಗೋಳಗುಮ್ಮಟದ ಹತ್ತಿರ, ಟಾಂಗಾ ನಿಲ್ಲುವ ಜಾಗದ ಹಿಂದಿನ ಓಣಿಯಲ್ಲಿ ನಮ್ಮ ಅಂಗಡಿ. ಒಳಗಿನ ಕೋಣೆಯಲ್ಲಿ ನಮ್ಮ ಮನೆಯವರು ಸುಟ್ಟ ಮೋಟರುಗಳಿಗೆ ತಂತಿ ಸುತ್ತುತ್ತಾರೆ. ಮುಂದೆ ಕೂತು ನಾನು ಸ್ಟಾರ್ಟರು, ಕೇಬಲ್ಲು, ಫ್ಯೂಜು ಮತ್ತು ಈ ಡಬ್ಬಿಗಳನ್ನು ಮಾರುತ್ತೇನೆ. ಅವರದು ಮಾತು ಕಡಿಮೆ, ನನ್ನದು ಹೆಚ್ಚು. ಕೆಲಸವನ್ನು ಹೀಗೆ ಪಾಲು ಮಾಡಿಕೊಂಡದ್ದರಿಂದಲೇ ಅಂಗಡಿಯೂ ಸಂಸಾರವೂ ನಡೆಯುತ್ತಿವೆ.

ಡಬ್ಬಿಯೊಳಗೆ ಒಂದು ಸಿಮ್ ಇರುತ್ತದೆ. ಹೊಲದ ಸ್ಟಾರ್ಟರಿಗೆ ಅದನ್ನು ಜೋಡಿಸಿದರೆ ಮೋಟರಿಗೂ ಒಂದು ಫೋನ್ ನಂಬರ್ ಬಂದ ಹಾಗೆ. ರೈತ ಮನೆಯಲ್ಲೇ ಕೂತು ಅದಕ್ಕೆ ಫೋನ್ ಮಾಡುತ್ತಾನೆ. ಕರೆಂಟ್ ಇದೆಯೋ ಇಲ್ಲವೋ, ಮೋಟರ್ ನಡೆಯುತ್ತಿದೆಯೋ ನಿಂತಿದೆಯೋ ಎಂದು ಡಬ್ಬಿ ಬಾಯಿಬಿಟ್ಟು ಹೇಳುತ್ತದೆ. ಒಂದನ್ನು ಒತ್ತಿದರೆ ಮೋಟರ್ ಚಾಲೂ, ಎರಡನ್ನು ಒತ್ತಿದರೆ ಬಂದ್. ಚಾಲೂ ಬಂದ್ ಮಾಡುವ ಅಧಿಕಾರ ಮಾಲೀಕನ ನಂಬರಿಗೆ ಮಾತ್ರ. ಬರೀ ಸುದ್ದಿ ಕೇಳುವುದಾದರೆ ಯಾರು ಬೇಕಾದರೂ ಫೋನ್ ಮಾಡಬಹುದು. ಈ ಕೊನೆಯ ಮಾತು ನೆನಪಿರಲಿ, ನಾನು ಹೇಳಹೊರಟಿರುವುದೆಲ್ಲ ಅದರಿಂದಲೇ ಹುಟ್ಟಿದ್ದು.

ಕಂಪನಿಯವರು ಡಬ್ಬಿಯಲ್ಲಿ ತುಂಬಿ ಕಳಿಸಿದ್ದ ದನಿ ಯಾರೋ ಹುಡುಗಿಯದು. "ವಿದ್ಯುತ್ ಸರಬರಾಜು ಸ್ಥಗಿತಗೊಂಡಿದೆ" ಎಂದು ವಾರ್ತೆ ಓದಿದ ಹಾಗೆ ಹೇಳುತ್ತಿದ್ದಳು. ತಿಕೋಟಾದ ರೈತರೊಬ್ಬರು ಎರಡೇ ದಿನಕ್ಕೆ ಡಬ್ಬಿಯನ್ನು ವಾಪಸು ತಂದು ನನ್ನ ಮುಂದಿಟ್ಟರು.

"ಇದು ಬೆಂಗಳೂರಿನ ಮೋಟರಿಗೆ ಮಾಡಿದ್ದದರಿ ಅಕ್ಕಾರ. ಇದರ ಮಾತ ನನಗೂ ತಿಳಿವಲ್ದು, ನಮ್ಮ ಮೋಟರಿಗೂ ತಿಳಿವಲ್ದು."

ನನಗೆ ಮೂಗಿನ ತುದಿಯಲ್ಲೇ ಕೋಪ. ಆಗಲೇ ಕಂಪನಿಗೆ ಫೋನ್ ಹಚ್ಚಿ ಜಗಳ ತೆಗೆದೆ. ಅವರು ತಣ್ಣಗೆ, "ನಿಮ್ಮ ಕಡೆಯ ಮಾತಿನಲ್ಲಿ ನೀವೇ ರೆಕಾರ್ಡ್ ಮಾಡಿ ಕಳಿಸಿ ಮೇಡಂ, ಹಾಕಿಕೊಡುತ್ತೇವೆ" ಎಂದುಬಿಟ್ಟರು. ಜಗಳಕ್ಕೆ ಹೋದವಳು ಕೆಲಸ ಹೊತ್ತುಕೊಂಡು ಬಂದೆ.

ನನ್ನ ದನಿ ಜಗಳಕ್ಕೆ ಚೆನ್ನಾಗಿದೆ, ಸುದ್ದಿ ಹೇಳುವುದಕ್ಕಲ್ಲ. ನಮ್ಮ ಅತ್ತೆಯದು ಹಾಗಲ್ಲ. ಗುಮ್ಮಟ ನೋಡಲು ಬಂದವರು ಅಷ್ಟು ಮೆಟ್ಟಿಲು ಹತ್ತಿ, ಕೂಗಿ, ಕಿವಿಗೊಟ್ಟು ನಿಲ್ಲುತ್ತಾರೆ. ನಮ್ಮ ಅತ್ತೆ ಅಡುಗೆಮನೆಯಿಂದ ಒಮ್ಮೆ ಕರೆದರೆ ಓಣಿಯ ಕೊನೆಯ ಚಹಾದಂಗಡಿಯವನು ಓಗೊಡುತ್ತಾನೆ. ಜೋರಾದರೂ ಕಿವಿಗೆ ಚುಚ್ಚದ ದನಿ. ಒಂದು ಮಧ್ಯಾಹ್ನ ಹೊರಗಿನ ಗದ್ದಲ ಕೇಳಬಾರದೆಂದು ನಾವಿಬ್ಬರೂ ಕೌದಿ ಮುಸುಕು ಹಾಕಿಕೊಂಡು ಕೂತೆವು. ಬೇಸಿಗೆ ಬೇರೆ, ಬೆವರಿಳಿಯುತ್ತಿತ್ತು. ನಾನು ಬರೆದುಕೊಟ್ಟದ್ದನ್ನು ಅವರು ತಮಗೆ ಬೇಕಾದ ಹಾಗೆ ಹೇಳಿದರು.

"ಕರೆಂಟ್ ಬಂದಿಲ್ರಿ, ಚೂರ ತಡೀರಿ." "ಮೋಟರ್ ಚಾಲೂ ಆಗೇತ್ರಿ." "ಬಾವ್ಯಾಗ ನೀರಿಲ್ರಿ, ಮೋಟರ್ ಸುಟ್ಟೀತು." ಕೊನೆಯದು, "ಮೋಟರ್ ಬಂದ್ ಐತ್ರಿ, ಮನಿಗೆ ಬಂದು ಉಣ್ರಿ."

"ಅತ್ತಿ, ಉಣ್ಣೂದು ಎಲ್ಲಿಂದ ಬಂತ ಅದರಾಗ? ನಾ ಬರದಿಲ್ಲಲ್ಲ."

"ಮೋಟರ್ ನಿಂತ ಮ್ಯಾಲ ಮತ್ತೇನ ಮಾಡ್ತಾರ? ಹಸಗೊಂಡು ಹೊಲದಾಗ ನಿಂದ್ರತಾರೇನ?"

ಕತ್ತರಿಸಲು ನನಗೆ ಬರುತ್ತಿರಲಿಲ್ಲ. ಬಂದಿದ್ದರೂ ಅತ್ತೆ ಬಿಡುತ್ತಿರಲಿಲ್ಲ. ಹಾಗೇ ಕಳಿಸಿದೆ, ಹಾಗೇ ತುಂಬಿ ಬಂತು.

ಆ ದನಿಯ ಮೊದಲ ಡಬ್ಬಿ ಹೋದದ್ದು ನಿಡೋಣಿಗೆ, ಅತ್ತೆಯ ತವರಿಗೆ. ಅಲ್ಲಿ ಅವರ ಅಣ್ಣನ ಮಗ ದ್ರಾಕ್ಷಿ ತೋಟ ಮಾಡಿಕೊಂಡಿದ್ದಾನೆ. ನಾನೂ ನಮ್ಮ ಮನೆಯವರೂ ಹೋಗಿ ಕೂಡಿಸಿ ಬಂದೆವು. ಅತ್ತೆ ಬರಲಿಲ್ಲ. ಹನ್ನೊಂದು ವರ್ಷದಿಂದ ಅವರು ತವರಿಗೆ ಕಾಲಿಟ್ಟಿರಲಿಲ್ಲ. ಯಾಕೆಂದರೆ ಅದೇ ಊರಲ್ಲಿ, ಸೋದರಮಾವನಿಗೇ ಕೊಟ್ಟ ಅವರ ಅಕ್ಕ ಇದ್ದಾರೆ. ಅವರಿಗೆ ನಾನು ದೊಡ್ಡತ್ತೆ ಎನ್ನುತ್ತೇನೆ. ಅಕ್ಕತಂಗಿಗೆ ಮಾತಿಲ್ಲ.

ಕಾರಣ ನನ್ನ ಮದುವೆ. ಮದುವೆಗೆ ಬರುವವರು ಬಟ್ಟೆ ತರುವುದು, ಹೊರಡುವಾಗ ಅವರಿಗೆ ನಾವು ಬಟ್ಟೆ ಕೊಡುವುದು ನಮ್ಮ ಕಡೆಯ ಪದ್ಧತಿ, ಆಯೇರಿ ಎನ್ನುತ್ತೇವೆ. ಕೊಡುವ ಮುಂಚೆ ಬಟ್ಟೆಯ ತುದಿಗೆ ಅರಿಶಿಣ ಹಚ್ಚಬೇಕು. ದೊಡ್ಡತ್ತೆ ತಂಗಿಗೆಂದು ಹಸಿರು ಇಳಕಲ್ ಸೀರೆ ತಂದಿದ್ದರು. ಮೂರನೇ ದಿನ ಅವರು ಹೊರಟು ನಿಂತಾಗ ಅತ್ತೆ, ಒಲೆಯ ಮುಂದೆ ಇದ್ದವರು, ಹೊಸ ಸೊಸೆಯಾದ ನನಗೆ ಟ್ರಂಕಿನಿಂದ ಒಂದು ಒಳ್ಳೆಯ ಸೀರೆ ತೆಗೆದು ಅಕ್ಕನಿಗೆ ಕೊಡು ಎಂದರು. ಟ್ರಂಕಿನಲ್ಲಿ ಎರಡು ಗಂಟು: ನಮಗೆ ಬಂದವು, ನಾವು ಕೊಡಬೇಕಾದವು. ನಾನು ಬಂದವುಗಳ ಗಂಟು ಬಿಚ್ಚಿ, ಅದರಲ್ಲೇ ಒಳ್ಳೆಯದನ್ನು ಆರಿಸಿ, ತುದಿಗೆ ಅರಿಶಿಣ ಹಚ್ಚಿ, ಕಾಗದದಲ್ಲಿ ಸುತ್ತಿ, ಕಾಲಿಗೆ ಬಿದ್ದು ಕೊಟ್ಟೆ. ದೊಡ್ಡತ್ತೆ ಮನೆಗೆ ಹೋಗಿ ಮಡಿಕೆ ಬಿಚ್ಚಿದರೆ ಸೀರೆಯ ತುದಿಯಲ್ಲಿ ಎರಡು ಅರಿಶಿಣದ ಗುರುತು. ಒಂದು ನಾನು ಹಚ್ಚಿದ್ದು, ಇನ್ನೊಂದು ಅವರೇ ಹಚ್ಚಿದ್ದು. ತಾನು ಕೊಟ್ಟ ಸೀರೆಯನ್ನು ತಂಗಿ ತನಗೇ ತಿರುಗಿ ಕೊಟ್ಟಳು ಎಂದರೆ ನಿನ್ನದು ಬೇಡ ಎಂದು ಮುಖಕ್ಕೆ ಹೇಳಿದ ಹಾಗೆ. ಅವತ್ತಿಗೆ ಮಾತು ಬಂದ್ ಆಯಿತು.

ತಪ್ಪು ಸೊಸೆಯದು ಎಂದು ಅತ್ತೆ ಯಾರಿಗೂ ಹೇಳಲಿಲ್ಲ. ಹೊಸದಾಗಿ ಮನೆಗೆ ಬಂದವಳ ಮೇಲೆ ಮಾತು ಬರಬಾರದೆಂದು ತಮ್ಮ ಮೇಲೆಯೇ ಹಾಕಿಕೊಂಡರು. ನಾನಾದರೂ ಹೇಳಬಹುದಿತ್ತು. ಮೊದಲ ವರ್ಷ ಹೆದರಿಕೆ, ಆಮೇಲೆ ನಾಚಿಕೆ, ಆಮೇಲೆ ಅದೇ ರೂಢಿಯಾಯಿತು. ಊರವರ ಮುಂದೆ ಇಷ್ಟೆಲ್ಲ ಬಾಯಿ ಮಾಡುವ ನಾನು ಇದೊಂದು ಸಂಗತಿಗೆ ಬಾಯಿ ಹೊಲಿದುಕೊಂಡು ಕೂತಿದ್ದೆ.

ಡಬ್ಬಿ ಕೂಡಿಸಿ ಕೆಲವು ತಿಂಗಳಾದ ಮೇಲೆ ಕಂಪನಿಯ ಸಾಹೇಬರು ಅಂಗಡಿಗೆ ಬಂದರು. ಸಾಹೇಬರೆಂದರೆ ದೊಡ್ಡ ವಯಸ್ಸೇನಲ್ಲ. ದಕ್ಷಿಣದ ಕಡೆಯವರು, ಮೆತ್ತಗಿನ ಮಾತು, ಬಿಸಿಲಿಗೆ ಕೆಂಪಾಗಿದ್ದ ಮುಖ. ಲ್ಯಾಪ್‌ಟಾಪ್ ತೆರೆದು ಮುಂದೆ ಬರಲಿರುವ ಕಾಲವನ್ನು ನನಗೆ ವಿವರಿಸತೊಡಗಿದರು.

"ಇನ್ನು ಮುಂದೆ ಮನುಷ್ಯರು ಫೋನ್ ಮಾಡುವ ಅಗತ್ಯವೂ ಇರಲ್ಲ ಮೇಡಂ. ಟ್ಯಾಂಕ್ ತುಂಬಿದರೆ ಟ್ಯಾಂಕೇ ಮೋಟರಿಗೆ ಹೇಳುತ್ತೆ. ಮಣ್ಣು ಒಣಗಿದರೆ ಮಣ್ಣಿನಲ್ಲಿ ನೆಟ್ಟ ಕಡ್ಡಿ ಹೇಳುತ್ತೆ. ಯಂತ್ರ ಯಂತ್ರದ ಜೊತೆ ಮಾತಾಡುತ್ತೆ. ಮಾರುಕಟ್ಟೆ ಬೆಳೆಯುವುದೆಲ್ಲ ಈ ಕಡೆಗೇ."

ಒಳಗಿನಿಂದ ಅತ್ತೆಯ ದನಿ ಬಂತು. "ಮನಷ್ಯಾರು ಮನಷ್ಯಾರ ಕೂಡ ಮಾತಾಡೂದು ಮೊದಲ ಕಲೀಲಿ ಅನ್ನು."

ಹೇಳುವವರು ಯಾರು ನೋಡಿ ಎಂದು ನನ್ನ ಮನಸ್ಸಿಗೆ ಬಂತು. ಬಾಯಿಗೆ ಬರಲಿಲ್ಲ.

ಡಬ್ಬಿಯ ಲಾಭ ಒಂದು ಸಲ ಬರುತ್ತದೆ, ಸಿಮ್ಮಿನ ಚಂದಾ ಮಾತ್ರ ವರ್ಷ ವರ್ಷ ಬರುತ್ತಲೇ ಇರುತ್ತದೆ, ಕಂಪನಿಯ ಕಣ್ಣಿರುವುದು ಅದರ ಮೇಲೆ ಎಂದು ಸಾಹೇಬರು ಹೇಳಿದರು. "ಅಂದ್ರ ಎಮ್ಮಿ ಮಾರಬ್ಯಾಡ್ರಿ, ಹಾಲ ಮಾರ್ರಿ ಅಂತೀರಿ" ಎಂದೆ. ಅವರು ಖುಷಿಯಾಗಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ನನ್ನ ಕೈಗೆ ಒಂದು ಫಾರಂ ಕೊಟ್ಟರು. ತಿಕೋಟಾ ಮತ್ತು ಬಬಲೇಶ್ವರ ತಾಲೂಕುಗಳ ಊರೂರಿಗೆ ಈ ವರ್ಷ ಎಷ್ಟು ಡಬ್ಬಿ ಹೋದಾವು, ಮುಂದಿನ ವರ್ಷ ಎಷ್ಟು, ಅದರ ಮುಂದಿನ ವರ್ಷ ಎಷ್ಟು, ಚಂದಾ ಎಷ್ಟು ಬಂದೀತು ಎಂದು ತುಂಬಬೇಕು. ಅಂದಾಜು ಚೆನ್ನಾಗಿದ್ದರೆ ಎರಡೂ ತಾಲೂಕಿನ ಏಜೆನ್ಸಿ ನನಗೆ.

ಆ ಏಜೆನ್ಸಿ ನನಗೆ ಬೇಕಾಗಿತ್ತು, ಬಹಳ ಬೇಕಾಗಿತ್ತು. ಅದುವರೆಗೆ ನಾನು ಮಾಲು ತರುತ್ತಿದ್ದದ್ದು ಪೇಟೆಯ ಒಬ್ಬ ದೊಡ್ಡ ವ್ಯಾಪಾರಿಯ ಕಡೆಯಿಂದ. ಹಂಗಾಮಿನ ಹೊತ್ತಿಗೆ ಆತ ಎಲ್ಲರಿಗೂ ಕೊಟ್ಟು ಉಳಿದದ್ದನ್ನು ನನಗೆ ಕೊಡುತ್ತಿದ್ದ. "ನಾಳೆ ಬಾ ತಂಗಿ" ಎನ್ನುತ್ತಿದ್ದ. ನಾಳೆ ಹೋದರೆ, "ಮನಿಯವರನ್ನ ಕಳಸಬೇಕಿಲ್ಲವಾ, ನಿನಗ ಇದೆಲ್ಲ ಏನ ತಿಳೀತೈತಿ" ಎನ್ನುತ್ತಿದ್ದ. ಸ್ಟಾರ್ಟರಿನ ಕಾಯಿಲ್ ಸುಟ್ಟದ್ದನ್ನು ಮೂಸಿ ನೋಡಿ ಹೇಳುವ ನನಗೆ. ನನ್ನ ಅಂಗಡಿಗೆ ನೇರವಾಗಿ ಲಾರಿ ಬಂದು ನಿಲ್ಲುವುದನ್ನು, ಆತ ಆ ದಾರಿಯಲ್ಲಿ ಹೋಗುವಾಗ ಅದನ್ನು ನೋಡುವುದನ್ನು ನಾನು ಎಷ್ಟು ಸಲ ಕಣ್ಣಮುಂದೆ ತಂದುಕೊಂಡಿದ್ದೇನೋ.

ಸಾಹೇಬರು ತೋರಿಸಿದ ಇನ್ನೊಂದು ಕಾಗದ ನನ್ನ ಆಸೆಗೆ ಇನ್ನಷ್ಟು ಗಾಳಿ ಹಾಕಿತು. ಯಾವ ಡಬ್ಬಿಗೆ ಎಷ್ಟು ಫೋನ್ ಬಂದಿವೆ ಎಂಬ ಪಟ್ಟಿ ಅದು. ಎಲ್ಲಕ್ಕಿಂತ ಮೇಲೆ ನಿಡೋಣಿ. ನೂರಕ್ಕೂ ಹೆಚ್ಚು ಬೇರೆ ಬೇರೆ ನಂಬರುಗಳಿಂದ ಆ ಒಂದು ಮೋಟರಿಗೆ ಫೋನ್ ಬರುತ್ತಿದ್ದವು. ಅದರಲ್ಲೂ ಒಂದು ನಂಬರಿನಿಂದ ದಿನ ತಪ್ಪದೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮೇಲಿಂದ ಮೇಲೆ. ಸಾಹೇಬರು ಅದರ ಸುತ್ತ ಕೆಂಪು ಗೆರೆ ಎಳೆದರು.

"ಇಷ್ಟು ಜನಕ್ಕೆ ಆಸಕ್ತಿ ಇದೆ ಮೇಡಂ. ಇವರು ನೋಡಿ, ಇವರಂತೂ ಕೊಳ್ಳದೆ ಬಿಡಲ್ಲ. ನಮ್ಮ ಮೊದಲ ಗಿರಾಕಿ ಇವರೇ."

ನಿಡೋಣಿಯಲ್ಲಿ ಹೀಗಾದರೆ ಬೇರೆ ಊರುಗಳಲ್ಲೂ ಹೀಗೇ ಎಂದು ಲೆಕ್ಕ ಹಿಡಿದು, ಕೂಸು ಹುಟ್ಟುವ ಮುಂಚೆ ನಾವಿಬ್ಬರೂ ಕೂತು ಕುಲಾವಿ ಹೊಲಿದೆವು. ಕೊಂಚ ವಿಚಾರಿಸಿಯೂ ನೋಡೋಣ ಎಂದು 'ಸರ್ವೆ'ಗೆ ಹೊನವಾಡಕ್ಕೆ ಬಸ್ಸಿನಲ್ಲಿ ಹೋದೆವು. ಹೋದ ಮನೆಯಲ್ಲೆಲ್ಲ ಚಹಾ. ಡಬ್ಬಿ ಕೊಳ್ಳುತ್ತೀರಾ ಎಂದು ಸಾಹೇಬರು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ನೋಡೂಣ್ರಿ." ಸಾಹೇಬರು ಒಂದೊಂದಕ್ಕೂ ಸರಿ ಗುರುತು ಹಾಕುತ್ತಾ ಹೋದರು. ಮನೆಗೆ ಬಂದವರಿಗೆ ಇಲ್ಲ ಎನ್ನಬಾರದೆಂದು ನಾವು ನೋಡೂಣು ಎನ್ನುತ್ತೇವೆ ಎಂಬುದು ಅವರಿಗೆ ಹೇಗೆ ತಿಳಿಯಬೇಕು? ನನಗೆ ತಿಳಿದಿತ್ತು. ತಿಳಿದೂ ಸುಮ್ಮನಿದ್ದೆ. ಲಾರಿ ಕಣ್ಣಮುಂದೆ ನಿಂತಿತ್ತಲ್ಲ.

ಕಂಪನಿಯ ದೊಡ್ಡವರು ಫಾರಂ ನೋಡಿ ಒಂದು ಷರತ್ತು ಹಾಕಿದರು. ನಿಡೋಣಿಯಲ್ಲಿ ಒಂದು ತಿಂಗಳಲ್ಲಿ ಹತ್ತು ಡಬ್ಬಿ ಮಾರಿ ತೋರಿಸಿದರೆ ಏಜೆನ್ಸಿಯ ಕಾಗದ ಕೈಗೆ. ನೂರು ಜನ ಫೋನ್ ಮಾಡುವ ಊರಲ್ಲಿ ಹತ್ತು ಯಾವ ಲೆಕ್ಕ ಎಂದು ನಾನು ಕುಣಿಯುತ್ತಾ ಹೊರಟೆ. ದೊಡ್ಡತ್ತೆಯ ಓಣಿಯನ್ನು ತಪ್ಪಿಸಿ, ಬಸ್‌ಸ್ಟ್ಯಾಂಡಿನ ಹತ್ತಿರದ ಹಿಟ್ಟಿನ ಗಿರಣಿಯಲ್ಲಿ ಹೋಗಿ ಕೂತೆ. ಜೋಳ ಬೀಸಿಸಲು ಬಂದವರಿಗೆಲ್ಲ ಡಬ್ಬಿ ತೋರಿಸಿದೆ. ಅವರು ಗಿರಣಿಯ ಗೋಡೆಯತ್ತ ಕೈ ಮಾಡಿದರು. ಅಲ್ಲಿ ಸುಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು: ಕರೆಂಟ್ ಕೇಳುವ ನಂಬರ್. ಕೆಳಗೆ ಅತ್ತೆಯ ಅಣ್ಣನ ಮಗನ ಮೋಟರಿನ ನಂಬರ್.

"ಎಲ್ಲಾರದೂ ಒಂದ ಲೈನ್ ಐತ್ರಿ ಅಕ್ಕಾರ" ಎಂದು ಗಿರಣಿಯವ ತಿಳಿಸಿ ಹೇಳಿದ. "ಅವನ ಮೋಟರಿಗೆ ಕರೆಂಟ್ ಬಂತಂದ್ರ ನಮಗೂ ಬಂತು. ಒಂದ ಫೋನ್ ಹಚ್ಚಿ ಕೇಳಿ, ಗಾಡಿ ಹತ್ತಿ ಹೊಲಕ್ಕ ಹೋಗ್ತೀವಿ. ನನ್ನ ಗಿರಣಿನೂ ಅದರ ಮ್ಯಾಲ ನಡದೈತಿ. ಮತ್ತೊಂದ್ಯಾಕ ಬೇಕ್ರಿ?"

ಇಡೀ ಊರು ಒಂದು ಡಬ್ಬಿಯಲ್ಲಿ ಬಾಳುವೆ ಮಾಡುತ್ತಿತ್ತು. ನಗು ಬರಬೇಕಿತ್ತು, ಸಿಟ್ಟು ಬಂತು. ಮೂರು ವಾರ ಓಡಾಡಿದರೂ ಒಂದು ಡಬ್ಬಿ ಹೋಗಲಿಲ್ಲ. ಸಾಹೇಬರಿಗೆ ಹೇಳಿದಾಗ ಅವರು ಒಂದು ಉಪಾಯ ಕೊಟ್ಟರು. ಡಬ್ಬಿಯ ನಂಬರಿಗೆ ನನ್ನ ಫೋನಿನಿಂದ ಒಂದು ಮೆಸೇಜ್ ಕಳಿಸಿದರೆ ಬೀಗ ಹಾಕಿದ ಹಾಗೆ. ಆಮೇಲೆ ಮಾಲೀಕನ ಫೋನಿಗೆ ಮಾತ್ರ ಅದು ಮಾತಾಡುತ್ತದೆ, ಬೇರೆಯವರದನ್ನು ಕತ್ತರಿಸುತ್ತದೆ. ಪುಕ್ಕಟೆ ಸುದ್ದಿ ನಿಂತರೆ ತಾವೇ ಬಂದು ಕೊಳ್ಳುತ್ತಾರೆ. ನಾನು ಚಹಾ ಕುಡಿಯುತ್ತಾ ಆ ಮೆಸೇಜ್ ಕಳಿಸಿದೆ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಅಂಗಡಿಯ ಫೋನ್ ಬಡಿದುಕೊಳ್ಳತೊಡಗಿತು. "ಕರೆಂಟ್ ಬಂದೈತೇನ್ರಿ?" ಎಂದಿತು ಒಂದು ದನಿ. ನಿಡೋಣಿಯಿಂದ. ಇಟ್ಟೆ, ಮತ್ತೊಂದು ಬಂತು. ಆದದ್ದು ಇಷ್ಟು: ಡಬ್ಬಿ ಬಾಯಿ ಮುಚ್ಚಿದ್ದನ್ನು ಕಂಡು ಗಿರಣಿಯವನು ಗೋಡೆಯ ನಂಬರ್ ಅಳಿಸಿ, ದನಿಯ ಒಡತಿ ಇರುವ ನಮ್ಮ ಅಂಗಡಿಯ ನಂಬರನ್ನೇ ಬರೆದಿದ್ದ. ಡಬ್ಬಿ ಕೊಳ್ಳಲು ಬರುತ್ತಾರೆ ಎಂದು ನಾನು ಕಾದಿದ್ದರೆ, ಅವರು ನನ್ನ ಅತ್ತೆಯನ್ನೇ ಡಬ್ಬಿ ಮಾಡಿಕೊಂಡರು.

ನಾನು ಒಂದು ಗಂಟೆಯಲ್ಲಿ ಬೈಯಲು ಶುರುಮಾಡಿದೆ. ಅತ್ತೆ ಫೋನ್ ಕಸಿದುಕೊಂಡು ಕಟ್ಟೆಯ ಮೇಲೆ ಕೂತರು. ಅಣ್ಣನ ಮಗನಿಗೆ ಆಗಾಗ ಫೋನ್ ಮಾಡಿ ಕರೆಂಟಿನ ಸುದ್ದಿ ಕೇಳಿಕೊಳ್ಳುವುದು, ಬಂದವರಿಗೆಲ್ಲ ಹೇಳುವುದು. ಬರೀ ಅಷ್ಟೇ ಆಗಿದ್ದರೆ ಸರಿ.

"ಕರೆಂಟ್ ಇಲ್ಲಪಾ. ನೀ ಯಾರ ಮಗಾ? ಹೌದೇನ, ನಿಮ್ಮವ್ವನ ಮೊಣಕಾಲ ಬ್ಯಾನಿ ಹ್ಯಾಂಗೈತಿ? ಎಣ್ಣಿ ಹಚ್ಚಾಕ ಹೇಳು."

ಹನ್ನೊಂದು ವರ್ಷದ ತವರಿನ ಸುದ್ದಿಯನ್ನು ಅವರು ಮೂರು ದಿನದಲ್ಲಿ ತರಿಸಿಕೊಂಡರು. ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು, ಯಾರ ಎಮ್ಮೆ ಈದಿತು, ಎಲ್ಲ. ಅಕ್ಕನ ಸುದ್ದಿಯನ್ನು ಮಾತ್ರ ಯಾರಲ್ಲೂ ಕೇಳಲಿಲ್ಲ. ಆ ಮೂರು ದಿನ ಅವರ ಮುಖದಲ್ಲಿದ್ದ ಕಳೆ ನಾನು ಮದುವೆಯಾಗಿ ಬಂದಾಗಿನಿಂದ ಕಂಡಿರಲಿಲ್ಲ. ಅದನ್ನು ನೋಡಿ ನನಗೆ ಖುಷಿಯಾಯಿತು, ಟ್ರಂಕಿನ ಗಂಟೂ ನೆನಪಾಯಿತು.

ನಡುವೆ ಒಂದು ಫೋನ್ ಬಂತು. ಅತ್ತೆ "ಹಲೋ, ಯಾರ್ರಿ?" ಎಂದರು. ಆ ಕಡೆ ಮಾತಿಲ್ಲ. "ಕರೆಂಟ್ ಬಂದಿಲ್ರಿ, ಚೂರ ತಡೀರಿ" ಎಂದರು. ಸ್ವಲ್ಪ ಹೊತ್ತಿಗೆ ಫೋನ್ ಕಟ್ ಆಯಿತು. "ಮೂಕರಿಗೂ ಕರೆಂಟ್ ಬೇಕಲ್ಲ" ಎಂದು ಅತ್ತೆ ನಕ್ಕರು. ಸುಮ್ಮನೆ ನಂಬರ್ ನೋಡಿದೆ. ಸಾಹೇಬರು ಕೆಂಪು ಗೆರೆ ಎಳೆದಿದ್ದ ನಂಬರ್ ಅದು.

ನಮ್ಮ ಮೊದಲ ಗಿರಾಕಿ ಸಿಕ್ಕರು ಎಂದು ಸಾಹೇಬರಿಗೆ ತಿಳಿಸಿದೆ. ತಿಂಗಳು ಮುಗಿಯಲು ಇನ್ನು ಆರು ದಿನ. ಅವರೊಬ್ಬರು ಕೊಂಡರೆ ಉಳಿದವರೂ ಕೊಂಡಾರು. ಮರುದಿನವೇ ಸಾಹೇಬರು ಕಾರು ತಂದರು. ಅವರೇ ಆ ನಂಬರಿಗೆ ಫೋನ್ ಮಾಡಿ ದಾರಿ ಕೇಳಿಕೊಂಡರು. ಗುಡಿಯ ಹಿಂದೆ, ಬೇವಿನ ಗಿಡದ ಎದುರು ಮನೆ ಎಂದು ಆ ಕಡೆಯವರು ಹೇಳಿದರಂತೆ. ಕಾರು ಗುಡಿಯನ್ನು ದಾಟಿ ತಿರುಗಿದ್ದು ಮೂರು ವಾರ ನಾನು ತಪ್ಪಿಸಿಕೊಂಡು ಓಡಾಡಿದ್ದ ಓಣಿಗೇ. ಬೇವಿನ ಗಿಡದ ಎದುರು ಕಟ್ಟೆಯ ಮೇಲೆ ದೊಡ್ಡತ್ತೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

ಇಳಿಯದೆ ಗತಿಯಿರಲಿಲ್ಲ. ಸಾಹೇಬರು ನಗುಮುಖದಿಂದ ಕಾಗದ ಬಿಚ್ಚಿದರು. "ಅಮ್ಮಾ, ನಿಮ್ಮ ಮೋಟರ್ ಎಷ್ಟು ಎಚ್‌ಪಿ?"

"ಮೋಟರ್ ಎಲ್ಲೀದಪಾ? ನಮ್ದು ಎರಿ ಹೊಲ. ಜೋಳ, ಕಡ್ಲಿ. ಬಾವಿನ ಇಲ್ಲ."

"ಮತ್ತೆ ದಿನಾ ಮೋಟರಿಗೆ ಫೋನ್ ಮಾಡ್ತಿದ್ದೋರು ನೀವೇ ತಾನೇ?"

ದೊಡ್ಡತ್ತೆ ಮೊರವನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ನಾಕ ದಿನದ ಹಿಂದ ಒಮ್ಮೆಲೆ ಅಕಿ ದನಿ ಬಂದ್ ಆತು. ಎಷ್ಟ ಸಲ ಹಚ್ಚಿದ್ರೂ ಬರಲಿಲ್ಲ. ಅಕಿಗೇನರೆ ಆತೇನೋ ಅಂತ ಅಂಜಿದೆ. ಅಂಗಡಿಗೆ ಹಚ್ಚಿದ್ರ ಅಕಿನ ಎತ್ತಿದ್ಳು. ಸಮಾಧಾನ ಆತು, ಇಟ್ಟೆ."

"ಒಂದ ಮಾತ ಆಡಬೇಕಿಲ್ರಿ ದೊಡ್ಡತ್ತಿ?"

"ಏನಂತ ಆಡ್ಲಿ? ಮೋಟರಿಗೆ ಹಚ್ಚಿದ್ರ ಅಕಿನ ಮಾತಾಡತಿದ್ಳು, ನಾ ಬರೇ ಕೇಳತಿದ್ದೆ. ಅಷ್ಟ ಸಾಕಿತ್ತು."

ಅಷ್ಟೇ ಸಾಕು ಎಂದಿದ್ದನ್ನೂ ನಾನು ಚಹಾ ಕುಡಿಯುತ್ತಾ ಬೀಗ ಹಾಕಿ ಕಿತ್ತುಕೊಂಡಿದ್ದೆ. ಹನ್ನೊಂದು ವರ್ಷದ ಹಿಂದೆ ಒಮ್ಮೆ, ಈಗ ಇನ್ನೊಮ್ಮೆ. ಸಾಹೇಬರು ಎದುರಿಗಿದ್ದಾರೆ, ಓಣಿಯವರು ನೋಡುತ್ತಿದ್ದಾರೆ ಎಂಬುದೆಲ್ಲ ಮರೆತುಹೋಯಿತು.

"ದೊಡ್ಡತ್ತಿ, ಆ ಹಸರ ಸೀರಿ ಟ್ರಂಕಿನ್ಯಾಗಿಂದ ತಗದು ಕೊಟ್ಟಾಕಿ ನಾ. ಅತ್ತಿ ಒಲಿ ಮುಂದ ಇದ್ರು. ಅವರು ನೋಡೇ ಇಲ್ಲ. ಗಂಟ ತಪ್ಪಿ ಬಿಚ್ಚಿದಾಕಿ ನಾ."

ಅವರು ಕೆಳಗಿಟ್ಟಿದ್ದ ಮೊರವನ್ನು ಇನ್ನಷ್ಟು ಆಚೆ ಸರಿಸಿದರು. "ಹನ್ನೊಂದ ವರ್ಷ ಆತಲ್ಲ ಬೇ. ಇದನ್ನ ಹೇಳಾಕ ನಿನಗ ಬಾಯಿ ಇರಲಿಲ್ಲೇನ?"

"ಇತ್ತರಿ. ಬ್ಯಾರೆದವರ ಮ್ಯಾಲ ಖರ್ಚಾತು."

ದೊಡ್ಡತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು, ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೂ ಅಳು ಬಂತು. ಸಾಹೇಬರು ಕಾಗದ ಹಿಡಿದು ನಿಂತೇ ಇದ್ದರು. ಅವರನ್ನು ಕೂಡಿಸಿ ಚುರಮುರಿ, ಚಹಾ ಕೊಟ್ಟದ್ದು ದೊಡ್ಡತ್ತೆಯೇ. ಅವರು ಕಪ್ಪು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ನಾನು ಫೋನ್ ತೆಗೆದು ಡಬ್ಬಿಯ ಬೀಗ ತೆಗೆಯುವ ಮೆಸೇಜ್ ಕಳಿಸಿದೆ. ಆಮೇಲೆ ಅದೇ ನಂಬರಿಗೆ ಫೋನ್ ಮಾಡಿ ಕಟ್ಟೆಯ ಮೇಲಿಟ್ಟೆ. "ಮೋಟರ್ ಬಂದ್ ಐತ್ರಿ, ಮನಿಗೆ ಬಂದು ಉಣ್ರಿ" ಎಂದಿತು ಅತ್ತೆಯ ದನಿ, ಬೇವಿನ ಗಿಡದವರೆಗೂ ಕೇಳುವ ಹಾಗೆ.

"ಏನು ಮಾಡಿದ್ರಿ ಮೇಡಂ? ಐದೇ ದಿನ ಇರೋದು."

"ಸಾಹೇಬ್ರ, ಫಾರಂ ಮ್ಯಾಲಿನ ಅಂದಾಜು ಹೊಡದ ಹಾಕ್ರಿ. ಈ ಊರಾಗ ಒಂದ ಲೈನಿಗೆ ಒಂದ ಡಬ್ಬಿ ಸಾಕು. ಹೊನವಾಡದವರು ನೋಡೂಣು ಅಂದ್ರ ಒಲ್ಲೆ ಅಂದಂಗ. ನನಗ ಗೊತ್ತಿತ್ತು, ಹೇಳಲಿಲ್ಲ. ಇನ್ನೊಂದ ಫಾರಂ ಕೊಡ್ರಿ, ಖರೇದು ಬರದು ಕೊಡ್ತೇನಿ."

ಹೇಳಿದ್ದು ಗಟ್ಟಿಯಾಗಿಯೇ. ಕಾರಿನಲ್ಲಿ ವಾಪಸು ಬರುವಾಗ ಮಾತ್ರ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಕಿಟಕಿಯ ಕಡೆ ಮುಖ ಮಾಡಿ ಇನ್ನೊಮ್ಮೆ ಅತ್ತುಬಿಟ್ಟೆ. ಇದು ಬೇರೆ ಅಳು. ಲಾರಿಗಾಗಿ ಅತ್ತದ್ದು.

ಏಜೆನ್ಸಿಯ ವಿಷಯವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಹೊಸ ಫಾರಂ ತುಂಬುವಾಗ ನಾನು ರೈತರನ್ನೂ ಎಣಿಸಲಿಲ್ಲ, ಮೋಟರುಗಳನ್ನೂ ಎಣಿಸಲಿಲ್ಲ. ಲೈನ್‌ಮನ್ನರನ್ನು ಕೂಡಿಸಿ ಊರೂರಿಗೆ ಎಷ್ಟು ಲೈನ್ ಎಂದು ಕೇಳಿ, ಲೈನಿಗೆ ಒಂದೋ ಎರಡೋ ಎಂದು ಬರೆದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಿದೆ. ಕಂಪನಿಯ ದೊಡ್ಡವರಿಗೆ ಅದು ಬಹಳ ಸಣ್ಣದಾಗಿ ಕಂಡಿತು, ಆ ಹಂಗಾಮಿಗೆ ಏಜೆನ್ಸಿ ಕೊಡಲಿಲ್ಲ. ಒಂದು ವರ್ಷ ಕಳೆದ ಮೇಲೆ ಸಾಹೇಬರು ಫೋನ್ ಮಾಡಿದರು. ನಮ್ಮ ಕಡೆಯ ಜಿಲ್ಲೆಗಳ ವ್ಯಾಪಾರಿಗಳೆಲ್ಲ ಬರೆದುಕೊಟ್ಟ ಅಂದಾಜುಗಳಲ್ಲಿ ನಿಜವಾದದ್ದು ನನ್ನದೊಂದೇ ಅಂತೆ. ಎರಡೂ ತಾಲೂಕು ಈಗ ನನ್ನವು. ಲಾರಿ ಬಂತು, ಪೇಟೆಯ ವ್ಯಾಪಾರಿ ನೋಡಿದ. ನಾನು ಅಂದುಕೊಂಡಷ್ಟು ಸಂತೋಷವೇನೂ ಆಗಲಿಲ್ಲ. ಅದಕ್ಕಿಂತ ದೊಡ್ಡದನ್ನು ಆಗಲೇ ನೋಡಿಬಿಟ್ಟಿದ್ದೆ.

ಅದು ನಿಡೋಣಿಗೆ ಹೋಗಿಬಂದ ಮರುದಿನ. ಅವತ್ತು ನಡೆದದ್ದನ್ನು ಅತ್ತೆಗೆ ಹೇಳಬೇಡವೆಂದು ದೊಡ್ಡತ್ತೆ ಆಣೆ ಹಾಕಿಸಿಕೊಂಡಿದ್ದರು. ಹೀಗಾಗಿ ನಾನು ಮೊದಲ ಸಲ ಒಳ್ಳೆಯ ಕಾರಣಕ್ಕೆ ಬಾಯಿ ಮುಚ್ಚಿಕೊಂಡಿದ್ದೆ. ಮಧ್ಯಾಹ್ನ ಊಟದ ಹೊತ್ತು. ಗಿರಣಿಯ ಗೋಡೆಯ ನಂಬರ್ ಇನ್ನೂ ಬದಲಾಗಿರಲಿಲ್ಲ, ಅತ್ತೆ ಕಟ್ಟೆಯ ಮೇಲೆ ಫೋನ್ ಹಿಡಿದು ಯಾರಿಗೋ ಎಣ್ಣೆ ಹಚ್ಚಲು ಹೇಳುತ್ತಿದ್ದರು. ಅಂಗಡಿಯ ಮೆಟ್ಟಿಲ ಮುಂದೆ ಹಸಿರು ಇಳಕಲ್ ಸೀರೆಯುಟ್ಟ ಹೆಂಗಸೊಬ್ಬರು ಬಸ್ಸಿನ ಧೂಳು ಕೊಡವಿಕೊಳ್ಳುತ್ತಾ ನಿಂತರು. ಮಡಿಕೆಯಲ್ಲೇ ಹನ್ನೊಂದು ವರ್ಷ ಇದ್ದ ಸೀರೆ, ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ. ತುದಿಯಲ್ಲಿ ಅರಿಶಿಣದ ಎರಡು ಗುರುತೂ ಇದ್ದವು.

ಅತ್ತೆಯ ಮಾತು ಅರ್ಧಕ್ಕೆ ನಿಂತಿತು.

"ಊಟಕ್ಕ ಏನ ಮಾಡೀದಿ?" ಎಂದರು ದೊಡ್ಡತ್ತೆ, ಚಪ್ಪಲಿ ಬಿಡುತ್ತಾ.

"ನೀ ಬರತಿ ಅಂತ ಯಾರ ಹೇಳ್ಯಾರ ನನಗ?"

"ನೀನ ಕರದಿಯಲ್ಲ. ದಿನಾ ಹಚ್ಚಿದಾಗೊಮ್ಮೆ ಮನಿಗೆ ಬಂದು ಉಣ್ರಿ, ಮನಿಗೆ ಬಂದು ಉಣ್ರಿ. ಅದೂ ರೀ ಹಚ್ಚಿ. ಸಣ್ಣಾಕಿದ್ದಾಗಿಂದ ನನಗ ಒಂದ ದಿನ ರೀ ಅಂದಾಕಿ ಅಲ್ಲ ನೀ. ಎಷ್ಟ ಸಲ ಅಂತ ಕರಸ್ಕೊಳ್ಳಿ? ಬಂದೀನಿ."

ಅತ್ತೆ ಫೋನನ್ನು ಕಟ್ಟೆಯ ಮೇಲೆ ಹಾಗೇ ಬಿಟ್ಟು ಎದ್ದರು. ಅಕ್ಕನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಒಳಗಿನ ಕೋಣೆಯಲ್ಲಿ ನಮ್ಮ ಮನೆಯವರು ತಂತಿ ಸುತ್ತುವುದನ್ನು ಬಿಟ್ಟು ಎದ್ದು ನಿಂತ ಸದ್ದು ಕೇಳಿತು. ಕಟ್ಟೆಯ ಮೇಲಿನ ಫೋನಿನಿಂದ ಸಣ್ಣಗೆ ದನಿ ಬರುತ್ತಲೇ ಇತ್ತು: "ಅವ್ವಾರ, ಕೇಳಾಕತ್ತೈತೇನ್ರಿ? ಕರೆಂಟ್ ಬಂತೇನ್ರಿ?"

ನಾನು ಎತ್ತಿಕೊಂಡೆ. "ಅವ್ವಾರಿಗೆ ಇವತ್ತ ಬಿಡುವಿಲ್ಲಪಾ" ಎಂದೆ. "ಬೀಗ ತಗದೇನಿ, ಮೋಟರಿಗೇ ಹಚ್ಚು."